ಠಾಣೆಯಿಂದ ಗ್ರಾಮಸಭೆಗೆ ಬರಬೇಕಾದ ಶಾಂತಿ

ಗಣೇಶನ ಹಬ್ಬಕ್ಕೋ ಮಿಲಾದಿಗೋ ವಾರವಿದೆ ಎನ್ನುವಾಗ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಠಾಣೆಗಳಲ್ಲಿ ಶಾಂತಿ ಸಭೆ ಸೇರುತ್ತದೆ. ಮುಂದಿನ ಸಾಲಿನ ಕುರ್ಚಿಗಳಲ್ಲಿ ಎರಡೂ ಕೋಮಿನ ಮುಖಂಡರು, ಉತ್ಸವ ಸಮಿತಿಯವರು, ಪುರಸಭೆಯ ಕೆಲವು ಸದಸ್ಯರು ಕೂರುತ್ತಾರೆ. ಡಿ.ಜೆ. ಎಷ್ಟು ಗಂಟೆಗೆ ನಿಲ್ಲಬೇಕು, ಮೆರವಣಿಗೆ ಯಾವ ಬೀದಿಯಲ್ಲಿ ಹಾಯಬೇಕು, ಪೆಂಡಾಲಿಗೆ ಯಾರ ಅನುಮತಿ ಬೇಕು ಎಂಬ ಸೂಚನೆಗಳನ್ನು ಇನ್‌ಸ್ಪೆಕ್ಟರು ಓದುತ್ತಾರೆ. ಸಹಕಾರ ಕೊಡುತ್ತೇವೆ ಎಂದು ಮುಖಂಡರು ಒಪ್ಪುತ್ತಾರೆ, ಸಭೆ ಮುಗಿಯುತ್ತದೆ. ಈ ಸಭೆಗಳಿಂದ ಎಷ್ಟೋ ಹಬ್ಬಗಳು ಸುಸೂತ್ರವಾಗಿ ಕಳೆದಿವೆ, ಅವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಅಲ್ಲಿ ನಡೆಯುವುದು ಬಂದೋಬಸ್ತಿನ ಮಾತು. ಜನ ಒಟ್ಟಿಗೆ ಬಾಳುವ ಬಗೆಯನ್ನು ಜಗಳವಿಲ್ಲದ ದಿನಗಳಲ್ಲಿ ಕೂತು ಚರ್ಚಿಸಿ, ಬರೆದಿಟ್ಟು, ಅದಕ್ಕೆ ಹಣ ತೆಗೆದಿಡುವ ಕೆಲಸ ಬೇರೆಯೇ. ಅಂಥ ಶಾಂತಿ ನೀತಿಯನ್ನು ರೂಪಿಸಬೇಕಾದವರು ಈ ನಾಲ್ಕು ತಾಲ್ಲೂಕುಗಳ ಜನರೇ.

ಹತ್ತಿರದ ವರ್ಷಗಳನ್ನೇ ನೋಡಿ. 2021ರ ನವೆಂಬರ್‌ನಲ್ಲಿ ದತ್ತಪೀಠಕ್ಕೆ ಹೊರಟ ಮಾಲಾಧಾರಿಗಳ ಬಸ್ಸಿನ ಮೇಲೆ ಕೋಲಾರದಲ್ಲಿ ಕಲ್ಲು ಬಿತ್ತು, ಬೆನ್ನಿಗೇ ಬಂದ್ ನಡೆಯಿತು. 2022ರ ಮಾರ್ಚ್‌ನಲ್ಲಿ ಕೋಲಾರದ ಕ್ಲಾಕ್ ಟವರ್‌ನ ಬಣ್ಣ ವಿವಾದವಾಗಿ, ಪೊಲೀಸ್ ಕಾವಲಿನಲ್ಲಿ ಬಿಳಿ ಬಣ್ಣ ಬಳಿದು ತ್ರಿವರ್ಣ ಧ್ವಜ ಏರಿಸಲಾಯಿತು. ಮರುತಿಂಗಳು ಮುಳಬಾಗಿಲಿನಲ್ಲಿ ಶ್ರೀರಾಮ ಶೋಭಾಯಾತ್ರೆಯ ವೇಳೆ ಕಲ್ಲು ತೂರಾಟವಾಯಿತು. 2023ರ ಸೆಪ್ಟೆಂಬರ್‌ನಲ್ಲಿ ಅದೇ ಕ್ಲಾಕ್ ಟವರ್ ಬಳಿ ಮಿಲಾದಿಗೆಂದು ನಿಲ್ಲಿಸಿದ ಖಡ್ಗದಾಕಾರದ ಕಮಾನಿಗೆ ಮತ್ತೆ ಗಲಾಟೆ, ಮತ್ತೆ ಪೊಲೀಸರು. ಪ್ರತಿ ಸಲವೂ ಪರಿಸ್ಥಿತಿ ಹತೋಟಿಗೆ ಬಂತು. ಆದರೆ ಊರಿನ ನಡುವಿನ ಜಾಗ ಯಾರದು, ಅಲ್ಲಿ ಏನು ನಿಲ್ಲಬಹುದು, ಅದನ್ನು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಇತ್ಯರ್ಥವಾಗದೆ ಉಳಿಯಿತು. ಹಾಗಾಗಿಯೇ ಅದು ಒಮ್ಮೆ ಬಣ್ಣದ ರೂಪದಲ್ಲಿ, ಇನ್ನೊಮ್ಮೆ ಕಮಾನಿನ ರೂಪದಲ್ಲಿ ಎದ್ದು ಬರುತ್ತಿದೆ.

ಕೋಮು ಜಗಳವಾದರೆ ಕನಿಷ್ಠ ಸಭೆಯಾದರೂ ಸೇರುತ್ತದೆ. ಜಾತಿಯ ವಿಷಯದಲ್ಲಿ ಅದೂ ಅಪರೂಪ. 2022ರ ಸೆಪ್ಟೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಉತ್ಸವದ ದೇವರ ಕೋಲನ್ನು ಮುಟ್ಟಿದನೆಂದು ದಲಿತ ಹುಡುಗನೊಬ್ಬನ ಮನೆಯವರಿಗೆ ಊರಿನ ಕೆಲವರು 60,000 ರೂಪಾಯಿ ದಂಡ ಹಾಕಿದರು. ಕೊಡದಿದ್ದರೆ ಊರು ಬಿಡಬೇಕೆಂದರು. ಇಲ್ಲಿ ಗಮನಿಸಬೇಕಾದ್ದು, ಆ ದಂಡವೂ ಊರವರು ಸೇರಿ ಮಾಡಿದ ತೀರ್ಮಾನವೇ. ನಾಗರಿಕರನ್ನು ಸೇರಿಸಿದರೆ ಸಾಕು, ಶಾಂತಿ ತಾನಾಗಿ ಬರುತ್ತದೆ ಎನ್ನುವವರು ಈ ಊರನ್ನು ನೆನೆಯಬೇಕು. ಇನ್ನೂ ಹಿಂದಕ್ಕೆ ಹೋದರೆ ಕಂಬಾಲಪಲ್ಲಿ ಇದೆ. ಆಗ ಕೋಲಾರ ಜಿಲ್ಲೆಗೇ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಆ ಊರಿನಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಪ್ರತಿಕೂಲವಾದರು, 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಒಂದೇ ಊರಿನಲ್ಲಿ, ಬಲಾಢ್ಯರ ಹೊಲದಲ್ಲೇ ಕೂಲಿ ಮಾಡಿ ಬದುಕುವವರು ಕಟಕಟೆಯಲ್ಲಿ ನಿಂತು ಹೆಸರು ಹೇಳಬೇಕಾದರೆ ಅವರ ಬೆನ್ನಿಗೆ ಯಾರಾದರೂ ಇರಬೇಕು. ಅದಿಲ್ಲದ ಊರಿನ ನಿಶ್ಶಬ್ದವನ್ನು ಶಾಂತಿ ಎಂದು ದಾಖಲೆಯಲ್ಲಿ ಬರೆಯುವುದು ದೊಡ್ಡ ಅನ್ಯಾಯ.

ಆದ್ದರಿಂದ ನೀತಿಯ ಮೊದಲ ಸಾಲೇ ಖಡಾಖಂಡಿತವಾಗಿರಬೇಕು: ಅಸ್ಪೃಶ್ಯತೆ, ಬಹಿಷ್ಕಾರ, ಹಲ್ಲೆ, ಅತ್ಯಾಚಾರ ರಾಜಿ ಪಂಚಾಯಿತಿಯ ವಿಷಯಗಳಲ್ಲ, ಅವು ಕೋರ್ಟಿಗೇ ಹೋಗಬೇಕು. ನಾಗರಿಕರ ಕೆಲಸವಿರುವುದು ಅದರ ಹಿಂದೆ ಮುಂದೆ. ಯಾವ ಊರಿನಲ್ಲಿ ದೇವಸ್ಥಾನದ ಬಾಗಿಲು, ಹೋಟೆಲಿನ ಲೋಟ, ಸ್ಮಶಾನದ ದಾರಿ ಇನ್ನೂ ಕೆಲವರಿಗೆ ಇಲ್ಲವಾಗಿದೆ ಎಂದು ಪಟ್ಟಿ ಮಾಡುವುದು, ಸಾಕ್ಷಿ ಹೇಳುವವರ ಕೂಲಿ ತಪ್ಪದಂತೆ ನೋಡಿಕೊಳ್ಳುವುದು, ಮೆರವಣಿಗೆಯ ದಾರಿಯನ್ನು ಹಬ್ಬಕ್ಕೆ ತಿಂಗಳುಗಳ ಮೊದಲೇ ಬೀದಿಯವರೊಂದಿಗೆ ಕೂತು ಗೊತ್ತು ಮಾಡುವುದು.

ಇದು ಬರೀ ಆಸೆಯಲ್ಲ. 1970 ಮತ್ತು 1984ರಲ್ಲಿ ಗಲಭೆಗೆ ತುತ್ತಾದ ಮಹಾರಾಷ್ಟ್ರದ ಮಗ್ಗಗಳ ಪಟ್ಟಣ ಭಿವಂಡಿಯಲ್ಲಿ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ 1988ರಿಂದ ಮೊಹಲ್ಲಾ ಸಮಿತಿಗಳನ್ನು ಕಟ್ಟಿದರು. ಮುಖಂಡರ ಜೊತೆಗೆ ಸಾಮಾನ್ಯರೂ ಅಲ್ಲಿ ಕೂತರು. 1992-93ರಲ್ಲಿ ಪಕ್ಕದ ಮುಂಬೈ ಹೊತ್ತಿ ಉರಿದಾಗ ಭಿವಂಡಿ ಶಾಂತವಾಗಿತ್ತು. ವಿದ್ವಾಂಸ ಆಶುತೋಷ್ ವಾರ್ಷ್ನೇಯ 2002ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ: ಸಂಘ, ವ್ಯಾಪಾರ, ಕೆಲಸಗಳಲ್ಲಿ ಎರಡೂ ಕೋಮಿನವರು ಬೆರೆತಿರುವ ಕ್ಯಾಲಿಕಟ್‌ನಂಥ ಊರುಗಳಲ್ಲಿ ವದಂತಿ ಗಲಭೆಯಾಗುವುದಿಲ್ಲ, ಹಾಗೆ ಬೆರೆಯದ ಅಲಿಗಡದಂಥ ಊರುಗಳಲ್ಲಿ ಆಗುತ್ತದೆ. ಆದರೆ ಅದೇ ಭಿವಂಡಿಯಲ್ಲಿ 2006ರಲ್ಲಿ ಪೊಲೀಸ್ ಠಾಣೆಯ ಜಾಗದ ವಿವಾದವೇ ಸಾವುನೋವಿಗೆ ತಿರುಗಿತು. ಒಬ್ಬ ಅಧಿಕಾರಿಯ ಉತ್ಸಾಹವನ್ನೇ ನಂಬಿದರೆ ಅದು ವರ್ಗಾವಣೆಯೊಂದಿಗೆ ಹೋಗಿಬಿಡಬಹುದು. ಕೊಲಂಬಿಯಾ ದೇಶ 1998ರಲ್ಲೇ ಶಾಂತಿ ಮಂಡಳಿಗಳಿಗೆ ಕಾನೂನಿನ ಬುನಾದಿ ಹಾಕಿದ್ದು, ಪ್ರಾಂತ್ಯಗಳಲ್ಲೂ ಅವನ್ನು ರಚಿಸಲು ದಾರಿ ಮಾಡಿದ್ದು ಅದಕ್ಕೇ ಮುಖ್ಯವೆನಿಸುತ್ತದೆ.

ನಮ್ಮಲ್ಲಿ ಆ ಬುನಾದಿ ಆಗಲೇ ಇದೆ. ಶ್ರೀನಿವಾಸಪುರದ ಶಾಸಕರಾಗಿದ್ದ ಕೆ.ಆರ್. ರಮೇಶ್ ಕುಮಾರ್ ನೇತೃತ್ವದ ಸಮಿತಿ 2014ರಲ್ಲಿ ಕೊಟ್ಟ ವರದಿಯ ಹಿನ್ನೆಲೆಯಲ್ಲೇ ಪಂಚಾಯತ್ ರಾಜ್ ಕಾಯ್ದೆಗೆ ಗ್ರಾಮ ಸ್ವರಾಜ್ ಎಂಬ ಹೆಸರು ಸೇರಿತು. ವಾರ್ಡ್ ಸಭೆ, ಗ್ರಾಮಸಭೆ, ಸಾಮಾಜಿಕ ನ್ಯಾಯ ಸಮಿತಿ ಎಲ್ಲವೂ ಕಾಯ್ದೆಯಲ್ಲಿವೆ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅದರ ನಡಾವಳಿಯನ್ನು ಗ್ರಾಮಸಭೆಯಲ್ಲಿ ಓದಿಸುವುದನ್ನು ನೀತಿ ಕಡ್ಡಾಯ ಮಾಡಬೇಕು, ಅದೂ ಜನರ ಆಡುಮಾತಿನಲ್ಲಿ. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ತೆಲುಗು, ಪೇಟೆಯ ಮೊಹಲ್ಲಾಗಳಲ್ಲಿ ಉರ್ದು ಮಾತು. ಕನ್ನಡದಲ್ಲಿ ಬರೆದದ್ದನ್ನು ಆ ಭಾಷೆಗಳಲ್ಲಿ ವಿವರಿಸದಿದ್ದರೆ ಅರ್ಧ ಊರು ಸುಮ್ಮನೆ ಕೂತು ಎದ್ದುಹೋಗುತ್ತದೆ.

ಗ್ರಾಮಸಭೆಗೆ ಜನ ಬರುವುದೇ ಇಲ್ಲವಲ್ಲ ಎಂಬ ಆಕ್ಷೇಪ ನಿಜ. ಮನೆ ಯಾರಿಗೆ, ದನದ ಕೊಟ್ಟಿಗೆ ಯಾರಿಗೆ ಎಂಬ ಫಲಾನುಭವಿಗಳ ಪಟ್ಟಿಯೇ ಸಭೆಯಾದರೆ ಉಳಿದವರು ಯಾಕೆ ಬರಬೇಕು? ಬಂದರೂ ಮಾತಾಡುವವರು ಅದೇ ಮುಖಂಡರು ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಇದಕ್ಕೆ ಮತದಾರರ ಪಟ್ಟಿಯಿಂದ ಚೀಟಿ ಎತ್ತಿ ಕರಡು ನೀತಿ ರೂಪಿಸುವ ಸಮಿತಿಯ ಸದಸ್ಯರನ್ನು ಆರಿಸುವುದು ಒಳ್ಳೆಯ ಉಪಾಯ. ಕೋಲಾರವನ್ನೂ ಆಳಿದ ಚೋಳರ ಕಾಲದ, ಹತ್ತನೆಯ ಶತಮಾನದ ಉತ್ತರಮೇರೂರಿನ ಶಾಸನ ಗಡಿಗೆಯಿಂದ ಓಲೆ ಎತ್ತುವ ಪದ್ಧತಿಯನ್ನು ವಿವರಿಸುತ್ತದೆ. ಅಲ್ಲಿ ಅರ್ಹತೆ ಇದ್ದದ್ದು ಜಮೀನುಳ್ಳ ಬ್ರಾಹ್ಮಣರಿಗೆ ಮಾತ್ರ. ಇಂದಿನ ಗಡಿಗೆಯಲ್ಲಿ ಅರ್ಧ ಚೀಟಿ ಹೆಂಗಸರದಿರಲಿ, ದಲಿತರು ಮತ್ತು ಅಲ್ಪಸಂಖ್ಯಾತರದು ಊರಿನ ಜನಸಂಖ್ಯೆಗೆ ತಕ್ಕಷ್ಟಿರಲಿ.

ಶಾಂತಿಯ ನೀತಿಯಲ್ಲಿ ನೀರಿನ ಮಾತೂ ಇರಬೇಕು. ಅದು ಯಾಕೆ ಎಂದು ಕೇಳಬಹುದು. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಮರುತಿಂಗಳೇ ನೊರೆ ಕಾಣಿಸಿತು. ಹೈಕೋರ್ಟ್ ತಡೆ, ಅದರ ತೆರವು, 2019ರಲ್ಲಿ ಸುಪ್ರೀಂ ಕೋರ್ಟಿನ ತಡೆ, ಅದರ ತೆರವು, ಹೀಗೆ ತಿಂಗಳುಗಟ್ಟಲೆ ಎಳೆದಾಟ ನಡೆಯಿತು. ಕೊಳವೆ ಬಾವಿ ಬತ್ತಿದ ರೈತ ನೀರು ಬೇಕೆನ್ನುತ್ತಾನೆ, ಆ ನೀರು ಮಣ್ಣಿಗೆ ಏನು ಮಾಡೀತೆಂದು ಇನ್ನೊಬ್ಬ ಅಂಜುತ್ತಾನೆ. ಇಬ್ಬರದೂ ನ್ಯಾಯವಾದ ಮಾತೇ. ಯೋಜನೆಗೆ ಮುಂಚೆ ಕೆರೆಯ ಏರಿ ಮೇಲೆ ಇಬ್ಬರನ್ನೂ ಕೂರಿಸಿ ಮಾತಾಡಿದ್ದರೆ ಜಗಳದ ಬಹುಪಾಲು ಅಲ್ಲೇ ಬಗೆಹರಿಯುತ್ತಿತ್ತು ಎಂದು ನನ್ನ ನಂಬಿಕೆ.

ಇಂಥದ್ದನ್ನೆಲ್ಲ ಜಿಲ್ಲಾ ಪಂಚಾಯಿತಿ ನೋಡಿಕೊಳ್ಳಬೇಕಿತ್ತು. ಆದರೆ 2016ರಲ್ಲಿ ಆರಿಸಿ ಬಂದವರ ಅವಧಿ 2021ಕ್ಕೆ ಮುಗಿದ ಮೇಲೂ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಜಿಲ್ಲೆಯ ಜನರ ಪರವಾಗಿ ಕೇಳುವ ಸದನವೇ ಖಾಲಿ ಬಿದ್ದಾಗ ತೀರ್ಮಾನಗಳು ಠಾಣೆಗೂ ಕೋರ್ಟಿಗೂ ಬೀದಿಗೂ ಹೋಗುವುದು ಸಹಜ. ಆ ಚುನಾವಣೆಗಾಗಿ ಒತ್ತಾಯಿಸುತ್ತಲೇ ಕರಡು ನೀತಿಯ ಕೆಲಸ ಶುರುಮಾಡಬಹುದು. ನಾಲ್ಕೂ ತಾಲ್ಲೂಕುಗಳ ಮುಂದಿನ ಗ್ರಾಮಸಭೆಯ ವಿಷಯಪಟ್ಟಿಗೆ ಅದನ್ನು ಸೇರಿಸಲು ಹೊಸ ಕಾಯ್ದೆ ಬೇಕಿಲ್ಲ, ಜಿಲ್ಲಾಡಳಿತದ ಒಂದು ಸುತ್ತೋಲೆ ಸಾಕು.