ಪರಮ ಪ್ರಸಾದದ ಉಪವಾಸ ಮತ್ತು ಅತಿಶಂಕೆ

ಪ್ರಶ್ನೆ: ಪರಮ ಪ್ರಸಾದಕ್ಕೆ ಮುನ್ನ ಹಲ್ಲಿನ ಸಂದಿನಲ್ಲಿದ್ದ ಆಹಾರದ ಕಣವನ್ನು ನುಂಗಿದರೆ ಉಪವಾಸ ಮುರಿಯುತ್ತದೆಯೇ?

ಉತ್ತರ: ಮುರಿಯುವುದಿಲ್ಲ; ಅದು ಮೊದಲೇ ತಿಂದ ಊಟದ ಶೇಷವೇ ಹೊರತು ಹೊಸದಾಗಿ ಸೇವಿಸಿದ ಆಹಾರವಲ್ಲ. 1983ರ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯ 919ನೇ ವಿಧಿಯು ಪ್ರಸಾದ ಸ್ವೀಕಾರಕ್ಕೆ ಮುಂಚಿನ ಕನಿಷ್ಠ ಒಂದು ಗಂಟೆ ಅನ್ನಪಾನಗಳನ್ನು ವರ್ಜಿಸಬೇಕೆಂದು ಹೇಳಿ, ನೀರಿಗೂ ಔಷಧಿಗೂ ವಿನಾಯಿತಿ ನೀಡುತ್ತದೆ. ವೃದ್ಧರು, ರೋಗಿಗಳು ಮತ್ತು ಅವರ ಆರೈಕೆ ಮಾಡುವವರನ್ನು ಈ ನಿಯಮ ಕಟ್ಟಿಹಾಕುವುದಿಲ್ಲ. ಈ ಗಂಟೆಯನ್ನು ಎಣಿಸಬೇಕಾದದ್ದು ಬಲಿಪೂಜೆಯ ಆರಂಭದಿಂದಲ್ಲ, ಪ್ರಸಾದ ಸ್ವೀಕರಿಸುವ ಕ್ಷಣದಿಂದ ಹಿಂದಕ್ಕೆ. ಹಿಂದೆ ನಡುರಾತ್ರಿಯಿಂದ ನೀರನ್ನೂ ಮುಟ್ಟದಿರುವ ಕಟ್ಟಳೆಯಿದ್ದು, ಹನ್ನೆರಡನೆಯ ಪೋಪ್ ಪಿಯುಸ್ 1953ರಲ್ಲಿ ನೀರನ್ನು ಅನುಮತಿಸಿ, 1957ರಲ್ಲಿ ಘನಾಹಾರದ ಉಪವಾಸವನ್ನು ಮೂರು ಗಂಟೆಗೆ ಇಳಿಸಿದರು. ಆರನೆಯ ಪೋಪ್ ಪೌಲ್ 1964ರಲ್ಲಿ ಅದನ್ನು ಒಂದು ಗಂಟೆಯಾಗಿಸಿದರು.

ಆದರೆ ನಿಯಮ ತಿಳಿದ ಮೇಲೂ ಕಣಕಣವನ್ನೂ ಲೆಕ್ಕಹಾಕಿ, ಪಾಪವಲ್ಲದ್ದರಲ್ಲಿ ಪಾಪವನ್ನು ಕಂಡು ನರಳುವ ಸ್ಥಿತಿಯೊಂದಿದೆ. ಚೂಪಾದ ಸಣ್ಣ ಕಲ್ಲು ಎಂಬರ್ಥದ ಲ್ಯಾಟಿನ್ ಪದದಿಂದ ಇಂಗ್ಲಿಷಿನಲ್ಲಿ ಹೆಸರು ಪಡೆದ ಈ ಅತಿಶಂಕೆ, ಪಾದರಕ್ಷೆಯೊಳಗಿನ ಹರಳಿನಂತೆ ಹೆಜ್ಜೆಹೆಜ್ಜೆಗೂ ಚುಚ್ಚುತ್ತದೆ. 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದ ಸಂತ ಇಗ್ನೇಷಿಯಸ್ ಲೊಯೋಲ, ನಿವೇದಿಸಿದ ಪಾಪಗಳನ್ನೇ ಮತ್ತೆ ಮತ್ತೆ ನಿವೇದಿಸಿಯೂ ಶಾಂತಿ ಕಾಣದೆ, ದೇವರು ಬಿಡುಗಡೆ ನೀಡುವವರೆಗೆ ಉಣ್ಣುವುದಿಲ್ಲವೆಂದು ಒಂದು ವಾರ ನಿರಾಹಾರರಾಗಿದ್ದರು. ಆ ಉಪವಾಸವನ್ನು ಮುರಿಯುವಂತೆ ಆಜ್ಞಾಪಿಸಿದವರು ಅವರ ಪಾಪನಿವೇದನೆಯ ಗುರುವೇ ಎಂಬುದು ಇಲ್ಲಿ ಬಹಳ ಮುಖ್ಯವಾದ ಸಂಗತಿ. ಸ್ವತಃ ಇದೇ ವ್ಯಥೆಯನ್ನು ಅನುಭವಿಸಿದ ಸಂತ ಅಲ್ಫೋನ್ಸಸ್ ಲಿಗೋರಿಯವರೂ ಇಂಥವರು ತಮ್ಮ ಶಂಕೆಗಿಂತ ಗುರುವಿನ ಮಾತನ್ನು ನಂಬಬೇಕೆಂದು ಬೋಧಿಸಿದರು. ಇಂದು ಮನೋವೈದ್ಯರು ಇದರ ತೀವ್ರ ರೂಪವನ್ನು ಗೀಳು ಕಾಯಿಲೆಯ ಒಂದು ಬಗೆಯೆಂದು ಪರಿಗಣಿಸಿ ಚಿಕಿತ್ಸೆ ನೀಡುತ್ತಾರೆ. ಇಂಥ ಸಂಕಟದಲ್ಲಿರುವ ಓದುಗರು ಒಬ್ಬರೇ ಗುರುವಿನ ಮಾರ್ಗದರ್ಶನದಲ್ಲಿ ನೆಲೆನಿಂತು, ವೈದ್ಯರನ್ನೂ ಸಂಕೋಚವಿಲ್ಲದೆ ಕಾಣಬೇಕು.