ಬೇಕನ್‌ಗೆ ಆ ಕೆಂಪು ಎಲ್ಲಿಂದ ಬಂತು?

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರ ಅಕ್ಟೋಬರ್ 26ರಂದು ಒಂದು ತೀರ್ಮಾನ ಪ್ರಕಟಿಸಿತು. ಹತ್ತು ದೇಶಗಳ 22 ತಜ್ಞರು ಫ್ರಾನ್ಸಿನ ಲಿಯಾನ್‌ನಲ್ಲಿ ಸೇರಿ, 800ಕ್ಕೂ ಹೆಚ್ಚು ಅಧ್ಯಯನಗಳನ್ನು ಜಾಲಾಡಿ, ಬೇಕನ್, ಹ್ಯಾಮ್, ಸಾಸೇಜ್, ಸಲಾಮಿಯಂಥ ಸಂಸ್ಕರಿತ ಮಾಂಸ ದೊಡ್ಡ ಕರುಳಿನ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ಹೇಳಿ ಅದನ್ನು ಮೊದಲ ಗುಂಪಿಗೆ ಸೇರಿಸಿದರು. ತಂಬಾಕು, ಕಲ್ನಾರು ಇರುವುದೂ ಅದೇ ಗುಂಪಿನಲ್ಲಿ. ಪತ್ರಿಕೆಗಳಿಗೆ ಅಷ್ಟೇ ಸಾಕಾಯಿತು. ಬೇಕನ್ನೂ ಒಂದೇ ಸಿಗರೇಟೂ ಒಂದೇ ಎಂಬ ತಲೆಬರಹ ಊರೂರು ಸುತ್ತಿತು. ಆದರೆ ಆ ಗುಂಪು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಮಾತ್ರ. ಅಪಾಯದ ಗಾತ್ರ ಬೇರೆಯೇ ಲೆಕ್ಕ. ಸಂಸ್ಥೆಯೇ ಉಲ್ಲೇಖಿಸಿದ ಅಂದಾಜಿನಂತೆ, ಸಂಸ್ಕರಿತ ಮಾಂಸ ಹೆಚ್ಚಾಗಿ ತಿನ್ನುವುದರಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 34,000 ಮಂದಿ ಕ್ಯಾನ್ಸರಿನಿಂದ ಸಾಯುತ್ತಾರೆ. ತಂಬಾಕಿನ ಕ್ಯಾನ್ಸರಿಗೆ ಬಲಿಯಾಗುವವರು ಹತ್ತು ಲಕ್ಷ. ದಿನಾ 50 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಹಾಟ್ ಡಾಗ್ ಸಾಸೇಜಿನಷ್ಟು ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ಶೇ 18ರಷ್ಟು ಏರುತ್ತದೆ. ಬ್ರಿಟನ್ನಿನಲ್ಲಿ ನೂರರಲ್ಲಿ ಸುಮಾರು ಆರು ಜನರಿಗೆ ಬದುಕಿನ ಒಂದಲ್ಲ ಒಂದು ಹಂತದಲ್ಲಿ ಬರುವ ಕಾಯಿಲೆ ಇದು. ಆ ಆರು ಏಳಾಗುತ್ತದೆ, ಅಷ್ಟೆ.

ಅಷ್ಟೆ ಎಂದು ಕೈಚೆಲ್ಲುವಂತಿಲ್ಲ. ಆ ಏಳನೆಯವರ ಪಾಲಿಗೆ ಅದು ಪೂರ್ತಿ ನೂರು. ಇನ್ನೂ ಮುಖ್ಯವಾದ ಮಾತೆಂದರೆ, ಈ ಅಪಾಯದ ಒಂದು ಪಾಲು ಹಂದಿಯಿಂದ ಬಂದದ್ದಲ್ಲ, ಕಾರ್ಖಾನೆಯಲ್ಲಿ ಸೇರಿಸಿದ್ದು. ಆದ್ದರಿಂದ ಕಾರ್ಖಾನೆಯಲ್ಲೇ ತೆಗೆಯಬಹುದಾದದ್ದು. ಹಂದಿಯ ಹೊಟ್ಟೆಭಾಗದ ಮಾಂಸವನ್ನು ಬೇಯಿಸಿದರೆ ಅದು ಬೂದುಗಂದು ಬಣ್ಣಕ್ಕೆ ತಿರುಗಬೇಕು. ಬೇಕನ್ ಹಾಗಾಗುವುದಿಲ್ಲ. ಸಾಲು ಸಾಲು ಸೂಜಿಗಳಿರುವ ಯಂತ್ರ ಮಾಂಸದೊಳಕ್ಕೆ ಉಪ್ಪುನೀರು ಚುಚ್ಚುತ್ತದೆ, ಆ ನೀರಿನಲ್ಲಿ ಸೋಡಿಯಂ ನೈಟ್ರೈಟ್ ಇರುತ್ತದೆ. ಅದು ನೈಟ್ರಿಕ್ ಆಕ್ಸೈಡ್ ಆಗಿ ಮಾಂಸದ ಮಯೊಗ್ಲೋಬಿನ್ನಿಗೆ ಅಂಟಿಕೊಂಡಾಗ ಕೆಂಪು ನಿಲ್ಲುತ್ತದೆ, ಕಾಯಿಸಿದರೆ ಗುಲಾಬಿಯಾಗಿ ಗಟ್ಟಿಯಾಗುತ್ತದೆ. ಹಿಂದೆ ಇದೇ ಕೆಲಸಕ್ಕೆ ಪೆಟ್ಲುಪ್ಪು ಬಳಸುತ್ತಿದ್ದರು. ಅದು ನಿಧಾನ, ನೈಟ್ರೈಟ್ ಚುರುಕು. ಆದರೆ ಇದೇ ನೈಟ್ರೈಟ್ ಪ್ರೋಟೀನಿನ ಅಮೈನುಗಳ ಜೊತೆ ಸೇರಿದರೆ ನೈಟ್ರೊಸಮೈನುಗಳು ಹುಟ್ಟುತ್ತವೆ, ಬೇಕನ್ನನ್ನು ಗರಿಗರಿಯಾಗಿ ಹುರಿಯುವ ಬಾಣಲೆಯಲ್ಲಿ ಇನ್ನಷ್ಟು. ಹೊಟ್ಟೆಯೊಳಗೂ ಈ ಕ್ರಿಯೆ ನಡೆಯುತ್ತದೆ. ಕೆಂಪು ಮಾಂಸದಲ್ಲಿರುವ ಹೀಮ್ ಎಂಬ ಕಬ್ಬಿಣಯುಕ್ತ ವಸ್ತು ಅದಕ್ಕೆ ಕುಮ್ಮಕ್ಕು ಕೊಡುತ್ತದೆ. ಈ ಬಗೆಯ ಸಂಯುಕ್ತಗಳಲ್ಲಿ ಹಲವು ಡಿಎನ್‌ಎಯನ್ನೇ ಕೆಡಿಸುವಂಥವು. ಅಮೆರಿಕ ಇದನ್ನು 1970ರ ದಶಕದಲ್ಲೇ ಗಮನಿಸಿ, ಬೇಕನ್ನಿಗೆ ಹಾಕುವ ನೈಟ್ರೈಟ್ ಇಳಿಸಿ, ಜೊತೆಗೆ ಸಿ ಜೀವಸತ್ವದ ಬಳಗದ ರಾಸಾಯನಿಕ ಸೇರಿಸಬೇಕೆಂದು ನಿಯಮ ಮಾಡಿತು.

ಸೊಪ್ಪು, ಬೀಟ್‌ರೂಟುಗಳಲ್ಲೂ ನೈಟ್ರೇಟ್ ಇದೆಯಲ್ಲ, ಅದು ಬಾಯಿಯ ಜೊಲ್ಲಿನಲ್ಲಿ ನೈಟ್ರೈಟ್ ಆಗುತ್ತದಲ್ಲ ಎಂದು ಉದ್ಯಮದವರು ಕೇಳುತ್ತಾರೆ. ನಿಜ. ನಮ್ಮ ಆಹಾರದ ನೈಟ್ರೇಟಿನ ಬಹುಪಾಲು ತರಕಾರಿಯಿಂದಲೇ ಬರುತ್ತದೆ. ಆದರೆ ಪಾಲಕ್ ಸೊಪ್ಪಿನಲ್ಲಿ ಹೀಮ್ ಇಲ್ಲ, ನೈಟ್ರೊಸಮೈನ್ ಹುಟ್ಟದಂತೆ ತಡೆಯುವ ಸಿ ಜೀವಸತ್ವ ಇದೆ. ಸೊಪ್ಪು ತಿನ್ನುವವರಲ್ಲಿ ಕರುಳಿನ ಕ್ಯಾನ್ಸರ್ ಹೆಚ್ಚಿದ ದಾಖಲೆಯೂ ಇಲ್ಲ. ಸೆಲರಿ ಪುಡಿ ಬೆರೆಸಿ ‘ನೈಟ್ರೈಟ್ ಸೇರಿಸಿಲ್ಲ’ ಎಂದು ಚೀಟಿ ಅಂಟಿಸುವ ಕಂಪನಿಗಳದ್ದಂತೂ ಬರೀ ಜಾಣತನ. ಆ ಪುಡಿಯಿಂದ ಹುಟ್ಟುವುದೂ ಅದೇ ನೈಟ್ರೈಟ್.

ತೂಕದ ಆಕ್ಷೇಪ ಬೊಟುಲಿಸಂನದು. ಆಮ್ಲಜನಕವಿಲ್ಲದೆಡೆ ಬೆಳೆಯುವ ಒಂದು ಬ್ಯಾಕ್ಟೀರಿಯಾ ಉಗುಳುವ ವಿಷದಿಂದ ಬರುವ ಮಾರಕ ಕಾಯಿಲೆ ಅದು. ಜರ್ಮನಿಯ ವುರ್ಟೆಂಬರ್ಗ್‌ನಲ್ಲಿ ಸಾಸೇಜ್ ತಿಂದು ಸತ್ತವರ ಲಕ್ಷಣಗಳನ್ನು ವೈದ್ಯ ಯುಸ್ಟಿನುಸ್ ಕೆರ್ನರ್ 1820ರ ದಶಕದಲ್ಲೇ ವಿವರವಾಗಿ ಬರೆದಿಟ್ಟಿದ್ದ. ನೈಟ್ರೈಟ್ ಈ ಬ್ಯಾಕ್ಟೀರಿಯಾವನ್ನು ತಡೆಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಅದೊಂದೇ ದಾರಿಯೇ ಎಂಬುದು ಪ್ರಶ್ನೆ. ಇಟಲಿಯ ಪಾರ್ಮಾ ಹ್ಯಾಮ್ ತಯಾರಕರು 1993ರಿಂದ ನೈಟ್ರೈಟ್ ಮುಟ್ಟುತ್ತಿಲ್ಲ. ಹಂದಿಯ ತೊಡೆ, ಸಮುದ್ರದ ಉಪ್ಪು, ತಣ್ಣನೆಯ ಗಾಳಿ, ವರ್ಷಕ್ಕೂ ಮೀರಿದ ಕಾಯುವಿಕೆ: ಇಷ್ಟೇ ಅವರ ಬಂಡವಾಳ. ಬಣ್ಣ ಹಾಗಿದ್ದೂ ಕೆಂಪೇ, ಏಕೆಂದರೆ ತಿಂಗಳುಗಟ್ಟಲೆ ಮಾಗುವಾಗ ಹೀಮ್‌ನಲ್ಲಿನ ಕಬ್ಬಿಣದ ಜಾಗಕ್ಕೆ ಸತು ಬಂದು ಕೂರುತ್ತದೆ. ಅವಸರದ ಬೇಕನ್ನಿಗೆ ಈ ವಿಧಾನ ಹಾಗೆಯೇ ಹೊಂದದು, ಒಪ್ಪೋಣ. ಆದರೂ ಕಡಿಮೆ ನೈಟ್ರೈಟಿನಲ್ಲಿ ಕೆಲಸ ಸಾಗುತ್ತದೆ: ಯುರೋಪಿನ ಉಳಿದ ಕಡೆ ಕಿಲೋಗೆ 150 ಮಿಲಿಗ್ರಾಂ ಸಾಮಾನ್ಯ ಮಿತಿಯಾಗಿದ್ದಾಗಲೇ ಡೆನ್ಮಾರ್ಕ್ ಹೆಚ್ಚಿನ ಉತ್ಪನ್ನಗಳಿಗೆ 60ರ ಮಿತಿ ಇಟ್ಟುಕೊಂಡಿತ್ತು. ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ 2022ರಲ್ಲಿ ನೈಟ್ರೈಟಿಗೂ ಕರುಳಿನ ಕ್ಯಾನ್ಸರಿಗೂ ನಂಟಿರುವುದನ್ನು ದೃಢಪಡಿಸಿ, ಸಂಸ್ಕರಿತ ಮಾಂಸ ವಾರಕ್ಕೆ 150 ಗ್ರಾಂ ಮೀರದಿರಲಿ ಎಂದಿತು. ಐರೋಪ್ಯ ಒಕ್ಕೂಟ 2023ರಲ್ಲಿ ನಿಯಮ ಬಿಗಿಗೊಳಿಸಿ, 2025ರ ಅಕ್ಟೋಬರ್‌ನಿಂದ ಮಿತಿಯನ್ನು ಇಳಿಸಿದೆ.

ಸಾಕ್ಷ್ಯವೇ ದುರ್ಬಲ ಎನ್ನುವವರೂ ಇದ್ದಾರೆ. 2019ರಲ್ಲಿ ಒಂದು ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಸಂಶೋಧಕರ ಗುಂಪೊಂದು, ಈಗ ತಿನ್ನುತ್ತಿರುವಷ್ಟನ್ನೇ ತಿನ್ನುತ್ತಿರಿ ಎಂದು ಸಲಹೆ ಕೊಟ್ಟು ಗದ್ದಲ ಎಬ್ಬಿಸಿತು. ಅವರ ಬರಹ ಓದಿದರೆ, ಹಾನಿಯೇ ಇಲ್ಲ ಎಂದು ಅವರೂ ಹೇಳಿಲ್ಲ. ಪರಿಣಾಮ ಸಣ್ಣದು, ಖಚಿತತೆ ಕಡಿಮೆ, ಜನಕ್ಕೆ ಮಾಂಸವೆಂದರೆ ಇಷ್ಟ, ಹಾಗಾಗಿ ಬಿಡಿ ಎಂದು ಒತ್ತಾಯಿಸುವುದು ಬೇಡ ಎಂಬುದು ಅವರ ಅಂಬೋಣ. ಸಾವಿರಾರು ಜನರಿಗೆ ಇಪ್ಪತ್ತು ವರ್ಷ ದಿನಾ ಬೇಕನ್ ತಿನ್ನಿಸಿ ಪ್ರಯೋಗ ಮಾಡಲು ಯಾರಿಗೂ ಆಗದು. ಧೂಮಪಾನದ ವಿರುದ್ಧದ ತೀರ್ಪೂ ಅಂಥ ಪ್ರಯೋಗದಿಂದ ಬಂದದ್ದಲ್ಲ. ಬೇರೆ ಬೇರೆ ದೇಶಗಳ ಸಮೀಕ್ಷೆ, ಪ್ರಯೋಗಾಲಯದ ರಸಾಯನ, ಪ್ರಾಣಿಗಳ ಮೇಲಿನ ಪರೀಕ್ಷೆ ಮೂರೂ ಒಂದೇ ಕಡೆ ಬೆರಳು ತೋರಿಸುವಾಗ ಖಚಿತತೆ ಸಾಲದೆಂದು ಕೂರುವುದು ನನಗೆ ಸರಿ ಕಾಣುವುದಿಲ್ಲ. ಹೃದಯದ ಕಥೆಯೂ ಇದನ್ನೇ ಹೇಳುತ್ತದೆ. ಹಾರ್ವರ್ಡ್ ಸಂಶೋಧಕರ 2010ರ ವಿಶ್ಲೇಷಣೆಯಲ್ಲಿ ದಿನಕ್ಕೆ 50 ಗ್ರಾಂ ಸಂಸ್ಕರಿತ ಮಾಂಸ ಹೃದ್ರೋಗದ ಸಂಭವವನ್ನು ಶೇ 42ರಷ್ಟು ಹೆಚ್ಚಿಸಿದ್ದು ಕಂಡಿತು. ಸಂಸ್ಕರಿಸದ ಕೆಂಪು ಮಾಂಸದಲ್ಲಿ ಅಂಥ ನಂಟು ಕಾಣಲಿಲ್ಲ. ಎರಡರ ನಡುವಿನ ದೊಡ್ಡ ವ್ಯತ್ಯಾಸ ಉಪ್ಪು, ಸುಮಾರು ನಾಲ್ಕು ಪಟ್ಟು. ನೈಟ್ರೈಟ್ ತೆಗೆದ ಮಾತ್ರಕ್ಕೆ ಬೇಕನ್ ಪಥ್ಯವಾಗಿಬಿಡುವುದಿಲ್ಲ ಎಂಬುದಕ್ಕೂ ಇದೇ ಪುರಾವೆ.

ಕೊಡಗಿನ ಪಂದಿ ಕರಿಯನ್ನು ಈ ಪಟ್ಟಿಗೆ ಎಳೆಯುವುದು ತಪ್ಪು. ಹಸಿ ಮಾಂಸವನ್ನು ಕಾಚಂಪುಳಿ ಹಾಕಿ ಬೇಯಿಸುವ ಅಡುಗೆ ಅದು. ಕೆಂಪು ಮಾಂಸದ ಪ್ರಶ್ನೆ ಅದಕ್ಕಿದೆ, ನೈಟ್ರೈಟಿನದಿಲ್ಲ. ನಮ್ಮ ಪೇಟೆಗಳಲ್ಲಿ ಎಚ್ಚರ ಬೇಕಿರುವುದು ಬೇರೆಡೆ. ಹಂದಿ ಮುಟ್ಟದ ಮನೆಗಳಿಗೂ ಚಿಕನ್ ಸಾಸೇಜ್, ಚಿಕನ್ ಸಲಾಮಿ ಬಂದಿವೆ. ಕೋಳಿಯದು, ಹಗುರ ಎಂಬ ನಂಬಿಕೆಯಲ್ಲಿ ಮಕ್ಕಳ ಡಬ್ಬಿಗೂ ಹೋಗುತ್ತವೆ. ಕೋಳಿಮಾಂಸವನ್ನು ಹೀಗೆ ಹದಮಾಡಿದರೂ ಅದು ಸಂಸ್ಕರಿತ ಮಾಂಸವೇ ಎಂದು ಲಿಯಾನ್‌ನ ತಜ್ಞರ ವ್ಯಾಖ್ಯೆ ಸ್ಪಷ್ಟವಾಗಿ ಹೇಳುತ್ತದೆ. ಕೊಳ್ಳುವ ಮುನ್ನ ಪೊಟ್ಟಣ ತಿರುಗಿಸಿ, ಸಣ್ಣಕ್ಷರದ ಸಾಲಿನಲ್ಲಿ 250 ಎಂಬ ಸಂಖ್ಯೆ ಇದೆಯೇ ನೋಡಿ. ಸೋಡಿಯಂ ನೈಟ್ರೈಟಿನ ಗುರುತು ಅದು. ಇದ್ದರೆ ಅದನ್ನು ಅಪರೂಪಕ್ಕೆ ತಿನ್ನಿ, ದಿನದ ತಿಂಡಿ ಮಾಡಿಕೊಳ್ಳಬೇಡಿ.