‘ಬ್ಯಾಂಗಲೋರ್ಡ್’ ಎಂದರೆ ಬೆಂಗಳೂರಿಗನಾದ ಎಂದಲ್ಲ

ನಮ್ಮ ರಾಜಧಾನಿಯ ಹೆಸರಿನಿಂದ ಇಂಗ್ಲಿಷಿನಲ್ಲಿ ಒಂದು ಅಪರೂಪದ ಕ್ರಿಯಾಪದ ಹುಟ್ಟಿಕೊಂಡಿದೆ. ಈ ಶತಮಾನದ ಮೊದಲ ದಶಕದಲ್ಲಿ ಅಮೆರಿಕದಲ್ಲಿ ಚಾಲ್ತಿಗೆ ಬಂದ ಇದು ಹೆಚ್ಚಾಗಿ ಕಾಣಿಸುವುದು ಕರ್ಮಣಿ ಪ್ರಯೋಗದಲ್ಲಿ. ‘ಐ ವಾಸ್ ಬ್ಯಾಂಗಲೋರ್ಡ್’ ಎಂದರೆ, ನನ್ನ ಕೆಲಸ ಭಾರತಕ್ಕೆ ರವಾನೆಯಾಯಿತು, ನಾನು ನಿರುದ್ಯೋಗಿಯಾದೆ ಎಂದರ್ಥ. ಕೆಲಸ ಬೆಂಗಳೂರಿಗೇ ಬಂದಿರಬೇಕೆಂದಿಲ್ಲ. ಹೈದರಾಬಾದಿಗೆ ಹೋದರೂ ಹೆಸರು ಕೆಡುವುದು ನಮ್ಮದೇ!

ಹೀಗಾಗಿ ಇದನ್ನು ಹೊಗಳಿಕೆಯೆಂದು ಭಾವಿಸಿ ಹಿಗ್ಗುವಂತಿಲ್ಲ. ನಾವಿಕರನ್ನು ಬಲವಂತದಿಂದ ಹಡಗು ಹತ್ತಿಸುವುದಕ್ಕೆ 19ನೇ ಶತಮಾನದಲ್ಲಿ ‘ಶಾಂಘೈ’ ಎಂಬ ಕ್ರಿಯಾಪದ ಹುಟ್ಟಿತ್ತು. ಇದೂ ಅದೇ ಜಾತಿಯದು, ನಷ್ಟಕ್ಕೊಳಗಾದವರ ಬಾಯಿಯ ಮಾತು. 2009ರ ಮೇ 4ರಂದು ಅಂದಿನ ಅಧ್ಯಕ್ಷ ಬರಾಕ್ ಒಬಾಮ ತಮ್ಮ ದೇಶದ ತೆರಿಗೆ ನೀತಿಯನ್ನು ಟೀಕಿಸುವಾಗ ನ್ಯೂಯಾರ್ಕ್ ರಾಜ್ಯದ ಬಫಲೊಗೆ ಎದುರಾಗಿ ನಿಲ್ಲಿಸಿದ್ದೂ ಬೆಂಗಳೂರನ್ನೇ.

2014ರ ನವೆಂಬರ್ 1ರಂದು ನಗರದ ಇಂಗ್ಲಿಷ್ ಹೆಸರು ಅಧಿಕೃತವಾಗಿ ‘ಬೆಂಗಳೂರು’ ಆಯಿತು. ಕ್ರಿಯಾಪದ ಮಾತ್ರ ಹಳೆಯ ಹೆಸರಿಗೇ ಅಂಟಿಕೊಂಡಿತು. 2025ರಲ್ಲಿ ರಾಮನಗರ ಜಿಲ್ಲೆ ‘ಬೆಂಗಳೂರು ದಕ್ಷಿಣ’ವೆಂದು ಮರುನಾಮಕರಣಗೊಂಡು ಮಾಗಡಿ, ಚನ್ನಪಟ್ಟಣ, ಮರಳವಾಡಿಗಳ ವಿಳಾಸವೂ ಬದಲಾಯಿತು. ಮರಳವಾಡಿಯ ವಿದ್ಯಾರ್ಥಿಯೊಬ್ಬ ಈ ಪದಕ್ಕೆ ‘ಬೆಂಗಳೂರಿಗೆ ಸೇರಿಸಲ್ಪಟ್ಟ’ ಎಂದು ಅರ್ಥ ಹೇಳಿದರೆ ತಪ್ಪೆನ್ನಲು ಮನಸ್ಸು ಬಾರದು. ಪರೀಕ್ಷೆಯಲ್ಲಿ ಮಾತ್ರ ಅಂಕ ಸಿಗುವುದಿಲ್ಲ: ಇಂಗ್ಲಿಷಿನವರ ಲೆಕ್ಕದಲ್ಲಿ ಇಲ್ಲಿ ಕೈತಪ್ಪಿ ಹೋಗುವುದು ಕೆಲಸವೇ ಹೊರತು ಊರಲ್ಲ.